ಜಲಪಾತದ ಹಂತ

ಅಪ್ಪ ವಿಡಿಯೋ ಗೇಮ್ ತಂದ ದಿನ ನಮ್ಮ ಮನೆಯಲ್ಲಿ ಹುಳುಗಳು ನಾಲ್ಕನೆಯ ಜ್ವರದಲ್ಲಿದ್ದವು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲುಗಾಡದೆ ಇದ್ದುಬಿಡುತ್ತದೆ; ಅದನ್ನೇ ನಮ್ಮ ಕಡೆ ಜ್ವರ ಅನ್ನುವುದು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಬಾರದು, ಮೆಣಸಿನಕಾಯಿ ಹುರಿಯಬಾರದು ಎಂಬುದು ಅಜ್ಜಿಯ ಕಾನೂನು. ನಮ್ಮ ಊರು ಬೈರಾಪಟ್ಟಣದಿಂದ ಒಂದಿಷ್ಟು ಒಳಕ್ಕಿದೆ. ಉದ್ದನೆಯ ನಡುಮನೆ, ಅದರ ಎಡಕ್ಕೆ ಹುಳದ ಕೋಣೆ, ಬಲಕ್ಕೆ ಅಡುಗೆಮನೆ. ಹುಳದ ಕೋಣೆಗೆ ಬಾಗಿಲಿರಲಿಲ್ಲ, ಗೋಣಿತಾಟಿನ ಪರದೆ ಮಾತ್ರ ಇತ್ತು. ಟಿ.ವಿ. ಆ ಪರದೆಯ ಪಕ್ಕದಲ್ಲೇ ಒಂದು ಮರದ ಸ್ಟೂಲಿನ ಮೇಲೆ ಕೂತಿತ್ತು. ಅಪ್ಪ ಹೊಸಿಲ ಮೇಲೆ ನಿಂತು ಕಂಕುಳಲ್ಲಿದ್ದ ರಟ್ಟಿನ ಡಬ್ಬ ತೋರಿಸಿದ. ಅಜ್ಜಿ ಅದನ್ನು ಅನುಮಾನದಿಂದ ನೋಡಿದಳು.

"ಅದೇನ್ಲಾ ತಂದಿರೋದು? ಸದ್ದು ಮಾಡ್ತದಾ?"

"ಮಾಡ್ತದೆ ಕಣವ್ವ. ಒಸಿ ಕಮ್ಮಿ ಇಟ್ಕೊಂಡು ಆಡ್ತೀವಿ."

ಆಗ ಅಪ್ಪನ ಕೈಯಲ್ಲಿ ಹತ್ತೂ ಬೆರಳಿದ್ದವು. ಹೊಲ ಗದ್ದೆ ಇದ್ದ ಮನೆಗಳ ಗಂಡಸರು ಒಬ್ಬೊಬ್ಬರಾಗಿ ಯೂನಿಫಾರ್ಮ್ ತೊಟ್ಟ ಕಾಲ ಅದು. ಬಿಡದಿ ಕಡೆ ದಿನಕ್ಕೊಂದು ಶೆಡ್ಡು ಏಳುತ್ತಿತ್ತು, ಮೈಸೂರು ರಸ್ತೆಯನ್ನು ಅಗಲ ಮಾಡುತ್ತಿದ್ದರು, ಬೆಳಗಾದರೆ ಊರ ಮುಂದೆ ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅಪ್ಪ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ನಿಗೆ ಸೇರಿದ್ದ. ನನ್ನಣ್ಣ ಮಂಜನಿಗೆ ಹನ್ನೆರಡು, ನನಗೆ ಹತ್ತು. ಆಟದ ಡಬ್ಬ ಅಪ್ಪ ನಮಗೆ ತಂದದ್ದೇ ಹೌದು, ಆದರೆ ಮೊದಲ ವಾರ ಪೂರ್ತಿ ಆಡಿದ್ದು ಅವನೇ. ಹಳದಿ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, ಪೆಟ್ಟಿಗೆಯೊಳಗೆ ಕೂರಿಸಿ, ಚಕ್ಕಳಮಕ್ಕಳ ಹಾಕಿ ಕೂತರೆ ಅವನ ಮುಖ ಬೇರೆಯವರ ಮುಖದ ಹಾಗೆ ಕಾಣುತ್ತಿತ್ತು. ನಗುತ್ತಿದ್ದ. ಅಪ್ಪ ನಗುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಆ ವಾರವೇ.

ಅಪ್ಪ ಹೊಡೆಯುತ್ತಿದ್ದ. ಇದನ್ನು ಸುತ್ತಿಬಳಸಿ ಹೇಳಿ ಪ್ರಯೋಜನವಿಲ್ಲ. ಅವ್ವನಿಗೆ, ಮಂಜನಿಗೆ, ನನಗೆ, ಎತ್ತುಗಳಿಗೆ. ಸಾರಿಗೆ ಉಪ್ಪು ಹೆಚ್ಚಾದರೆ, ಸೊಪ್ಪು ಕೊಯ್ಯಲು ತಡವಾದರೆ, ಒಮ್ಮೊಮ್ಮೆ ಏನೂ ಆಗದಿದ್ದರೂ. ಆದರೆ ಆಗಿನ ಏಟಿಗೆ ಒಂದು ಅಂದಾಜಿತ್ತು. ಬಲಗೈ ಬೆನ್ನಿನ ಮೇಲೆ ಬೀಳುತ್ತಿತ್ತು, ಎರಡು ಅಥವಾ ಮೂರು ಸಲ, ಅಲ್ಲಿಗೆ ಮುಗಿಯಿತು. ಅಜ್ಜಿ ಒಳಗಿನಿಂದ "ಸಾಕು ಬುಡ್ಲಾ" ಅನ್ನುತ್ತಿದ್ದಳು, ಅಡಿಕೆ ಕುಟ್ಟುವುದನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ಆಮೇಲೆ ಎಲ್ಲರೂ ಉಣ್ಣುತ್ತಿದ್ದೆವು.

ಆ ಆಟಗಳ ಸಂಗೀತದ ಬಗ್ಗೆ ನನಗೆ ಇವತ್ತಿಗೂ ಗಟ್ಟಿಯಾದ ಅಭಿಪ್ರಾಯಗಳಿವೆ, ಕೇಳಿದವರು ನಗುತ್ತಾರೆ. ಈಗಿನ ಆಟಗಳಿಗೆ ನೂರು ವಾದ್ಯಗಳ ಮೇಳ ಬಾರಿಸುತ್ತಾರೆ, ಆಡಿ ಮುಗಿಸಿದ ಮೇಲೆ ಒಂದು ಸಾಲೂ ಬಾಯಲ್ಲಿ ಉಳಿಯುವುದಿಲ್ಲ. ಆ ಹಳದಿ ಕ್ಯಾಸೆಟ್ಟಿನಲ್ಲಿ ಇದ್ದದ್ದು ಮೂರು ಪೀಪಿ, ತಮಟೆಯ ಬದಲು ಒಂದು ಉಸ್ಸ್ ಎನ್ನುವ ಶಬ್ದ. ಅಷ್ಟರಲ್ಲೇ ಅದನ್ನು ಮಾಡಿದ ಪುಣ್ಯಾತ್ಮರು ನೀರಿನ ಅಡಿಯನ್ನೂ ನೆಲಮಾಳಿಗೆಯನ್ನೂ ಕಾಡನ್ನೂ ಕಟ್ಟಿಬಿಟ್ಟಿದ್ದರು. ನನ್ನ ಪ್ರಕಾರ ಎಲ್ಲಕ್ಕಿಂತ ಭಯಂಕರ ಆಟವೆಂದರೆ ಟ್ಯಾಂಕಿನದು, ಯಾಕೆಂದರೆ ಅದರಲ್ಲಿ ಶುರುವಿನ ನಾಲ್ಕು ಸ್ವರ ಬಿಟ್ಟರೆ ಸಂಗೀತವೇ ಇಲ್ಲ. ಇಂಜಿನ್ನಿನ ಗೊರಗೊರ, ಇಟ್ಟಿಗೆ ಒಡೆಯುವ ಸದ್ದು, ಅಷ್ಟೇ. ಮಂಜನಿಗೆ ಅದೇ ಇಷ್ಟ. ನನಗೆ ಅಣಬೆ ನುಂಗಿ ದೊಡ್ಡವನಾಗುವ ಮೀಸೆಯವನ ಆಟ ಇಷ್ಟ. ಅದರಲ್ಲಿ ಸಮಯ ಮುಗಿಯುತ್ತ ಬಂದರೆ ಅದೇ ರಾಗ ಇದ್ದಕ್ಕಿದ್ದಂತೆ ದುಪ್ಪಟ್ಟು ವೇಗಕ್ಕೆ ಏರುತ್ತಿತ್ತು. ನಮ್ಮ ಮನೆಯೂ ಹಾಗೆಯೇ ಎಂದು ನನಗೆ ಹೊಳೆದದ್ದು ಆಗ. ಅಪ್ಪನಿಗೆ ಸಿಟ್ಟು ಬರುವ ಮುಂಚೆ ಅವ್ವ ಪಾತ್ರೆ ಇಡುವುದು ಚುರುಕಾಗುತ್ತಿತ್ತು, ಅಜ್ಜಿಯ ಕುಟ್ಟಾಣಿ ಚುರುಕಾಗುತ್ತಿತ್ತು, ಅಪ್ಪನ ಉಸಿರು ಮೂಗಿನಲ್ಲಿ ಸಣ್ಣಗೆ ಸುಯ್ ಅನ್ನುತ್ತಿತ್ತು. ಅದನ್ನು ಕೇಳಿಸಿಕೊಂಡು ಹಿತ್ತಿಲಿಗೆ ಜಾರಿಕೊಳ್ಳುವುದನ್ನು ನಾನು ಕಲಿತೆ. ಅವ್ವನನ್ನು ಬಿಟ್ಟು ಜಾರಿಕೊಳ್ಳುತ್ತಿದ್ದೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಕಾರ್ಖಾನೆಗೆ ಸೇರಿ ಎಂಟು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಕಂಪನಿ ಬಸ್ಸಿನ ಬದಲು ಜೀಪು ಬಂತು. ಅಪ್ಪನ ಬಲಗೈ ಬಿಳಿ ಬಟ್ಟೆಯಲ್ಲಿ ಕುಂಬಳಕಾಯಿಯಷ್ಟು ದಪ್ಪ ಇತ್ತು. ಪ್ರೆಸ್ಸು ತೋರುಬೆರಳನ್ನೂ ನಡುಬೆರಳನ್ನೂ ಬುಡಸಮೇತ, ಹೆಬ್ಬೆರಳನ್ನು ಅರ್ಧಕ್ಕೆ ತೆಗೆದುಕೊಂಡಿತ್ತು. ಅಜ್ಜಿ ಎದೆ ಬಡಿದುಕೊಂಡು ಅತ್ತಳು. ಅಪ್ಪ ಅಳಲಿಲ್ಲ. ಗಾಯ ಮಾಯುವವರೆಗೆ ನಡುಮನೆಯ ಕಂಬಕ್ಕೆ ಒರಗಿ ಕೂತು, ಉಳಿದ ಎರಡು ಬೆರಳನ್ನು ಬಿಚ್ಚುತ್ತ ಮಡಚುತ್ತ ಇದ್ದ. ಉಣ್ಣುವುದು, ಬೀಡಿ ಹಚ್ಚುವುದು, ಗುಂಡಿ ಹಾಕುವುದು ಎಲ್ಲ ಎಡಗೈಗೆ ಬಂತು. ಹೊಡೆಯುವುದೂ ಬಂತು. ಆ ಎಡಗೈಗೆ ಅಭ್ಯಾಸವಿರಲಿಲ್ಲ. ಬೆನ್ನಿಗೆಂದು ಬೀಸಿದ್ದು ಕತ್ತಿಗೆ ಬೀಳುತ್ತಿತ್ತು, ಭುಜಕ್ಕೆಂದು ಬೀಸಿದ್ದು ಹಲ್ಲಿಗೆ. ಎಷ್ಟು ಜೋರಾಗಿ ಬಿತ್ತು ಎಂದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಒಂದು ಏಟಿಗೆ ಅವ್ವನ ಮುಂದಿನ ಹಲ್ಲು ಅಲ್ಲಾಡಿ, ಮೂರು ದಿನ ಅವಳು ಮುದ್ದೆಯನ್ನು ಸಾರಿನಲ್ಲಿ ಕಲಸಿಕೊಂಡು ಕುಡಿದಳು.

ಆಟದ ಪೆಟ್ಟಿಗೆಯ ಜೊತೆ ಒಂದು ಪ್ಲಾಸ್ಟಿಕ್ ಬಂದೂಕು ಬಂದಿತ್ತು. ಹುಲ್ಲಿನಿಂದ ಬಾತುಕೋಳಿ ಹಾರುತ್ತವೆ, ಟಿ.ವಿ.ಗೆ ಗುರಿಯಿಟ್ಟು ಹೊಡೆಯಬೇಕು. ತಪ್ಪಿದರೆ ಹುಲ್ಲಿನಿಂದ ಒಂದು ನಾಯಿ ಎದ್ದು, ಬಾಯಿಗೆ ಕೈ ಇಟ್ಟುಕೊಂಡು ಕಿಸಕಿಸ ನಗುತ್ತದೆ. ಆ ನಗುವಿಗೊಂದು ಪುಟ್ಟ ಟ್ಯೂನು. ಜಗತ್ತಿನ ಆಟಗಳಲ್ಲೆಲ್ಲ ಅಷ್ಟು ಕೆಟ್ಟ ಸಂಗೀತ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಸೋತವನನ್ನು ಹಂಗಿಸಲೆಂದೇ ಮಾಡಿದ್ದು. ಕೈಗೆ ಪೆಟ್ಟಾಗುವ ಮೊದಲು ಅಪ್ಪ ಒಂದೂ ಬಾತುಕೋಳಿ ಬಿಡುತ್ತಿರಲಿಲ್ಲ. ಒಂದು ಶನಿವಾರ ಬೆಳಗ್ಗೆ ಅವನು ಮತ್ತೆ ಬಂದೂಕು ಹಿಡಿದ. ಬಲಗೈಯಲ್ಲಿ ತೋರುಬೆರಳಿಲ್ಲ, ಉಂಗುರ ಬೆರಳನ್ನು ಕುದುರೆಗೆ ಸಿಕ್ಕಿಸಿ ಎಳೆದ. ತಪ್ಪಿತು. ನಾಯಿ ನಕ್ಕಿತು. ಇನ್ನೊಮ್ಮೆ ಎಳೆದ, ನಾಯಿ ನಕ್ಕಿತು. ಮೂರನೆಯ ಸಲ ನಾಯಿ ನಗುವಾಗ ಅವ್ವ ಸೊಪ್ಪಿನ ಮಂಕರಿ ಹೊತ್ತು ನಡುಮನೆ ದಾಟುತ್ತಿದ್ದಳು. ಅವಳು ಟಿ.ವಿ. ನೋಡಿ ಸುಮ್ಮನೆ ನಕ್ಕಳು. ಅಪ್ಪನನ್ನು ನೋಡಿ ನಗಲಿಲ್ಲ, ನಾಯಿಯನ್ನು ನೋಡಿ ನಕ್ಕಳು, ಮಕ್ಕಳು ನಗುವ ಹಾಗೆ.

"ನಗ್ತೀಯಾ? ಕೈ ಇಲ್ದೋನು ಅಂತ ನಗ್ತೀಯಾ?"

"ಅಯ್ಯೋ ಇಲ್ಲ, ನಾಯಿ ನೋಡಿ—"

ಮಂಕರಿ ಬಿತ್ತು. ಅಪ್ಪ ಬಂದೂಕಿನ ವಯರನ್ನು ಪೆಟ್ಟಿಗೆಯಿಂದ ಕಿತ್ತು, ಎಡಗೈಗೆ ಎರಡು ಸುತ್ತು ಸುತ್ತಿಕೊಂಡು ಬೀಸಿದ. ಬೆನ್ನು, ತೋಳು, ಕತ್ತು, ಮುಖ ಎಂಬ ಭೇದವಿರಲಿಲ್ಲ. ಅವ್ವ ಚೆಲ್ಲಿದ ಸೊಪ್ಪಿನ ಮೇಲೆ ಮುದುರಿಕೊಂಡು ಬಿದ್ದಿದ್ದಳು, ಪ್ರತಿ ಏಟಿಗೂ ಹಸಿ ಸೊಪ್ಪು ಅವಳ ಮೈಯಡಿ ಸರಸರ ಎನ್ನುತ್ತಿತ್ತು. ನಾನು ಆ ಸಲ ಹಿತ್ತಿಲಿಗೆ ಜಾರಿಕೊಳ್ಳಲಿಲ್ಲ, ನಿಂತಲ್ಲೇ ನಿಂತು ನೋಡಿದೆ. ಸಂಜೆ ಅವಳ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿದವಳು ನಾನು. ವಯರು ಬಿದ್ದ ಕಡೆಯೆಲ್ಲ ಚರ್ಮ ಎದ್ದುನಿಂತಿತ್ತು. ಎಣ್ಣೆ ಹಚ್ಚುತ್ತ ಹಚ್ಚುತ್ತ, ಅಪ್ಪ ಸಾಯಲಿ ಎಂದು ಮನಸ್ಸಿನಲ್ಲಿ ಸ್ಪಷ್ಟವಾಗಿ ಅಂದುಕೊಂಡೆ.

ಮರುದಿನ ಭಾನುವಾರ. ಅಪ್ಪ ಏನೂ ಆಗಿಲ್ಲವೆಂಬಂತೆ ಮಂಜನನ್ನು ಆಟಕ್ಕೆ ಕರೆದ. ಇಬ್ಬರು ಸೈನಿಕರು ಕಾಡಿನಲ್ಲಿ ಓಡುತ್ತ ಗುಂಡು ಹಾರಿಸುವ ಆಟ. ಅದರ ಸಂಗೀತದ ಮುಂದೆ ಉಳಿದದ್ದೆಲ್ಲ ಸಪ್ಪೆ ಎಂದು ಮಂಜನೂ ನಾನೂ ಒಪ್ಪುತ್ತಿದ್ದೆವು. ಅದು ಆಡುವವನ ಬೆನ್ನಿಗೆ ಕೈ ಹಾಕಿ ಮುಂದಕ್ಕೆ ನೂಕುತ್ತದೆ, ಸತ್ತರೂ ಎದ್ದು ಓಡು ಅನ್ನುತ್ತದೆ. ಮೂರನೆಯ ಹಂತ ಒಂದು ಜಲಪಾತ. ಬಂಡೆಯಿಂದ ಬಂಡೆಗೆ ನೆಗೆಯುತ್ತ ಮೇಲಕ್ಕೆ ಹತ್ತಬೇಕು. ಇಬ್ಬರು ಆಡುವಾಗ ಒಬ್ಬ ಮುಂದೆ ಹತ್ತಿಬಿಟ್ಟರೆ ಚಿತ್ರವೆಲ್ಲ ಅವನ ಜೊತೆ ಮೇಲಕ್ಕೆ ಸರಿಯುತ್ತದೆ. ಕೆಳಗೆ ಉಳಿದವನು ಟಿ.ವಿ.ಯ ಅಂಚಿಗೆ ಸಿಕ್ಕಿ ಸಾಯುತ್ತಾನೆ. ಅವನನ್ನು ಕೊಲ್ಲಲು ಗುಂಡು ಬೇಡ, ಕಾಯದಿದ್ದರೆ ಸಾಕು. ಅಪ್ಪ ಆಟದ ಗುಂಡಿಗಳಿದ್ದ ಪ್ಯಾಡನ್ನು ನೆಲದ ಮೇಲಿಟ್ಟು, ಬಲಗೈಯ ಉಳಿದ ಎರಡು ಬೆರಳಿನಿಂದ ಒತ್ತುತ್ತಿದ್ದ. ನೆಗೆತ ತಡವಾಗುತ್ತಿತ್ತು. ಮಂಜ ಪ್ರತಿ ಬಂಡೆಯ ಮೇಲೂ ನಿಂತು ಕಾಯುತ್ತಿದ್ದ. ಜಲಪಾತದ ಅರ್ಧದಲ್ಲಿ ಮಂಜ ತನ್ನ ಪ್ಯಾಡನ್ನು ಹಿಂದೆ ಕೂತಿದ್ದ ನನ್ನ ಮಡಿಲಿಗೆ ಇಟ್ಟು ಪಿಸುಗುಟ್ಟಿದ.

"ಸಾವಿ, ಒಸಿ ಹಿಡ್ಕೊ. ಒಂದಕ್ಕೆ ಹೋಗಿ ಬತ್ತೀನಿ."

ಅಪ್ಪ ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ. ಪ್ಯಾಡು ಕೈ ಬದಲಾದದ್ದು ಅವನಿಗೆ ತಿಳಿಯಲಿಲ್ಲ.

"ನಿಂತ್ಕೊಳ್ಲಾ ಮಂಜ. ಬತ್ತಾ ಇವ್ನಿ."

ನಾನು ನಿಲ್ಲಲಿಲ್ಲ. ಒಂದು ಬಂಡೆ ಹತ್ತಿದೆ. ಅಪ್ಪನ ಸೈನಿಕ ಅಂಚಿಗೆ ಸಿಕ್ಕಿ ಸತ್ತ. ಮತ್ತೆ ಹುಟ್ಟಿ ಬಂದ. ಇನ್ನೊಂದು ಬಂಡೆ ಹತ್ತಿದೆ, ಮತ್ತೆ ಸತ್ತ. "ಲೇ, ಕಾಯೋ" ಅಂದ ಅಪ್ಪ. ಅವನ ಉಸಿರು ಸುಯ್ ಅನ್ನತೊಡಗಿತ್ತು, ನನಗೆ ಕೇಳಿಸಿತು, ನನ್ನ ಕಿವಿ ಅದಕ್ಕೇ ಪಳಗಿತ್ತು. ಆದರೂ ಹತ್ತಿದೆ. ಉಳಿದದ್ದು ಒಂದೇ ಜೀವ. ಅವನು ಎರಡು ಬೆರಳಲ್ಲಿ ಒದ್ದಾಡುತ್ತ ಬಂಡೆಯ ಅಂಚಿಗೆ ಬಂದಿದ್ದ, ನೆಗೆದರೆ ಉಳಿಯುತ್ತಿದ್ದ. ನಾನು ಅವನ ಬೆರಳುಗಳನ್ನೇ ನೋಡುತ್ತ, ಅವು ಗುಂಡಿ ಒತ್ತುವ ಒಂದು ಕ್ಷಣ ಮೊದಲು ಮೇಲಕ್ಕೆ ನೆಗೆದೆ. ಅಪ್ಪನ ಆಟ ಮುಗಿಯಿತು. ಅಷ್ಟರಲ್ಲಿ ಮಂಜ ಬಂದು ಅಪ್ಪನ ಪಕ್ಕ ಕೂತು, ನನ್ನ ಕೈಯಿಂದ ಪ್ಯಾಡು ಕಿತ್ತುಕೊಂಡ. ಅಪ್ಪ ತಿರುಗಿದಾಗ ಪ್ಯಾಡು ಮಂಜನ ಕೈಯಲ್ಲಿತ್ತು.

"ಅಪ್ಪುನ್ನೇ ಸಾಯಿಸ್ತೀಯೇನ್ಲಾ?"

ಎಡಗೈ ಬೀಸಿತು. ಅದು ಅಂಗೈ ಪೂರ್ತಿ ಮಂಜನ ಬಲಗಿವಿಯ ಮೇಲೆ ಕೂತಿತು. ಪಟಾಕಿ ಒಡೆದಂಥ ಸದ್ದು. ಮಂಜ ಪಕ್ಕಕ್ಕೆ ಹಾರಿ ಗೋಣಿತಾಟಿನ ಪರದೆಯನ್ನು ಕಿತ್ತುಕೊಂಡು ಹುಳದ ಕೋಣೆಯೊಳಗೆ ಬಿದ್ದ. ಅವನ ತಲೆ ತಟ್ಟೆಗಳ ಸ್ಟ್ಯಾಂಡಿಗೆ ಬಡಿದು, ಬೆರಳುದ್ದ ಬೆಳೆದಿದ್ದ ಹುಳುಗಳು ಸೊಪ್ಪಿನ ಸಮೇತ ಅವನ ಮುಖದ ಮೇಲೆ, ಕತ್ತಿನೊಳಗೆ ಸುರಿದವು. ಕಿವಿಯಿಂದ ಸಣ್ಣಗೆ ರಕ್ತ ಇಳಿಯುತ್ತಿತ್ತು. ಅಪ್ಪ ಒಳಗೆ ನುಗ್ಗಿ ಒದ್ದ, ಪಕ್ಕೆಗೆ ಒಂದು, ತೊಡೆಗೆ ಒಂದು. ಅವನ ಕಾಲಡಿ ಹುಳುಗಳು ಪಿಚಕ್ಕನೆ ಒಡೆಯುತ್ತಿದ್ದವು. "ಅವನಲ್ಲ, ನಾನು" ಎಂಬ ಎರಡೇ ಮಾತು ನನ್ನ ಗಂಟಲಲ್ಲಿತ್ತು. ನಾನು ಬಾಯಿ ಬಿಡಲಿಲ್ಲ.

ಅವ್ವ ಆಗ ಒಲೆಯ ಮೇಲೆ ಮುದ್ದೆಯ ಹಿಟ್ಟು ತೊಳಸುತ್ತಿದ್ದಳು. ಕೋಲು ಹಿಡಿದುಕೊಂಡೇ ಬಂದಳು, ತುದಿಗೆ ಬಿಸಿ ರಾಗಿ ಮೆತ್ತಿಕೊಂಡು ಹೊಗೆಯಾಡುತ್ತಿತ್ತು. ಅಪ್ಪ ಮತ್ತೆ ಎಡಗೈ ಎತ್ತಿದ್ದ. ಅವಳು ಎರಡೂ ಕೈಯಲ್ಲಿ ಕೋಲು ಹಿಡಿದು, ಸೌದೆ ಸೀಳುವವಳ ಹಾಗೆ ಆ ಕೈಯ ಮೇಲೆ ಇಳಿಸಿದಳು. ಮೂಳೆ ಮುರಿದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಪ್ಪ ಕೂಗಿಕೊಂಡು ಮಂಡಿಯೂರಿದ. ಅವಳು ಭುಜಕ್ಕೆ ಇನ್ನೊಂದು ಕೊಟ್ಟಳು.

"ಎತ್ತು. ಇನ್ನೊಂದು ಕಿತ ಎತ್ತು ನೋಡವಾ."

ಅವಳ ದನಿ ಏರಿರಲಿಲ್ಲ. ಆಟದ ಸಂಗೀತ ಮಾತ್ರ ನಿಂತಿರಲಿಲ್ಲ. ನಡುಮನೆಯಲ್ಲಿ ಯಾರೂ ಮುಟ್ಟದ ನಮ್ಮ ಸೈನಿಕ ಬಂಡೆಯ ಮೇಲೆ ಒಬ್ಬನೇ ನಿಂತಿದ್ದ, ಆ ರಾಗ ಸುತ್ತಿ ಸುತ್ತಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಒಬ್ಬನ ಕಿವಿ ಹೋಗಿತ್ತು, ಒಬ್ಬನ ಕೈ ಮುರಿದಿತ್ತು, ಅದು ಮಾತ್ರ ಏಳು, ಓಡು ಅನ್ನುತ್ತಿತ್ತು. ಮೂಳೆಯ ಸದ್ದು ಕೇಳಿದಾಗ ನನಗಾದದ್ದು ಭಯವಲ್ಲ. ಖುಷಿಯಾಯಿತು. ಎದೆಯಿಂದ ಹೊಟ್ಟೆಯವರೆಗೆ ಇಳಿದ ಬೆಚ್ಚಗಿನ ಖುಷಿ. ನಾನು ಮುಂದೆ ಯಾರ ಮೇಲೂ, ನನ್ನ ಮಕ್ಕಳ ಮೇಲೂ ಕೈ ಎತ್ತದೆ ಉಳಿದದ್ದನ್ನು ಜನ ಒಳ್ಳೆಯತನ ಅನ್ನುತ್ತಾರೆ. ಅದು ಒಳ್ಳೆಯತನವಲ್ಲ, ಆ ಖುಷಿಯ ಹೆದರಿಕೆ.

ಚನ್ನಪಟ್ಟಣಕ್ಕೆ ಒಂದೇ ಆಟೋದಲ್ಲಿ ಹೋದೆವು. ಅಪ್ಪ ಒಂದು ತುದಿ, ಮಂಜ ಒಂದು ತುದಿ, ನಡುವೆ ಅವ್ವ, ಅವಳ ತೊಡೆಯ ಮೇಲೆ ನಾನು. ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದರು.

"ಅಟ್ಟದಿಂದ ಬಿದ್ದೆ ಸಾ," ಅಂದ ಅಪ್ಪ.

"ಹುಡುಗ?"

"ನಾನೂವೆ ಸಾ," ಅಂದ ಮಂಜ.

ಡಾಕ್ಟರು ಅವ್ವನ ಕತ್ತಿನ ಮೇಲಿದ್ದ ವಯರಿನ ಬರೆಗಳನ್ನು ನೋಡಿದರು. "ನೀವೂ ಅದೇ ಅಟ್ಟದಿಂದ್ಲೇನಮ್ಮ?" ಎಂದರು. ಅವ್ವ ಮಂಜನ ಕಿವಿ ತೋರಿಸಿದಳು. ತಮಟೆ ಹರಿದು, ಒಳಗಿನ ನರಕ್ಕೂ ಪೆಟ್ಟು ಬಿದ್ದಿತ್ತು. ಬಲಗಿವಿ ಮತ್ತೆ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಊಟದ ಹೊತ್ತಿಗೆ ಹೊಸ ತೊಂದರೆ ಎದ್ದಿತು. ಅಪ್ಪನ ಎಡಗೈಗೆ ಮೊಣಕೈಯವರೆಗೆ ಸಿಮೆಂಟು ಕಟ್ಟಿದ್ದರು, ಬಲಗೈಯಲ್ಲಿ ಮುದ್ದೆ ಮುರಿಯುವಷ್ಟು ಬೆರಳಿರಲಿಲ್ಲ. ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತ. ಅವ್ವ ಅಜ್ಜಿಯ ಮುಖ ನೋಡಿದಳು. ಇಷ್ಟು ವರ್ಷ ಮಗನ ಪರ ನಿಂತವಳು, ಹುಳದ ಬೆಳೆಯನ್ನು ಅರ್ಧ ಕಳೆದುಕೊಂಡವಳು ಅವಳು. ಸೊಸೆಯನ್ನು ಬೈಯುತ್ತಾಳೆಂದು ನಾನು ಕಾದೆ.

"ನನ್ನ ಯಾಕೆ ನೋಡೀಯೆ? ಮುರಿದೋಳು ನೀನು, ನೀನೇ ಉಣ್ಸು," ಅಂದಳು ಅಜ್ಜಿ. ಕುಟ್ಟಾಣಿಗೆ ಅಡಿಕೆ ಹಾಕುತ್ತ, "ಇನ್ನೂ ಮುಂಚೇನೇ ಮುರೀಬೇಕಾಗಿತ್ತು," ಅಂದಳು.

ಅವ್ವ ಒಂದೂವರೆ ತಿಂಗಳು ಅಪ್ಪನಿಗೆ ತುತ್ತು ತಿನ್ನಿಸಿದಳು. ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗೆ ಇಡುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಪ್ಪ ಒಳ್ಳೆಯವನಾದ ಎಂದು ನಾನು ಹೇಳಲಾರೆ. ಸಿಮೆಂಟು ಬಿಚ್ಚಿದ ದಿನ ಆಟದ ಪೆಟ್ಟಿಗೆಯನ್ನು ಹಿತ್ತಿಲಿಗೆ ಒಯ್ದು, ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಕೊಡಲಿಯ ಹಿಂಬದಿಯಿಂದ ಜಜ್ಜಿದ. ಪ್ಯಾಡು, ಬಂದೂಕು, ಹಳದಿ ಕ್ಯಾಸೆಟ್ಟು, ಒಂದೂ ಬಿಡಲಿಲ್ಲ. ನಾನು ತಡೆಯಲು ಓಡಿದಾಗ ಅವ್ವ ಜಡೆ ಹಿಡಿದು ನಿಲ್ಲಿಸಿದಳು.

"ಒಡೀಲಿ ಬುಡು. ಅದ್ಕೆ ನೋವಾಗಾಕಿಲ್ಲ."

ಮನುಷ್ಯರ ಮೇಲೆ ಮಾತ್ರ ಅವನು ಮತ್ತೆ ಕೈ ಎತ್ತಲಿಲ್ಲ. ಅವ್ವ ರಾಮನಗರದ ಗಾರ್ಮೆಂಟ್ಸಿಗೆ ಸೇರಿದಳು, ಬೆಳಗ್ಗೆ ವ್ಯಾನು ಬಂದು ಅವಳನ್ನು ಕರೆದೊಯ್ಯುತ್ತಿತ್ತು. ಅಪ್ಪ ದನ ನೋಡಿಕೊಂಡು, ಸಂಜೆ ಅವಳು ಬರುವ ಹೊತ್ತಿಗೆ ಒಲೆ ಹಚ್ಚಿಟ್ಟಿರುತ್ತಿದ್ದ. ಅವರಿಬ್ಬರ ನಡುವೆ ಒಳಗೆ ಏನಿತ್ತೋ ನನಗೆ ತಿಳಿಯದು. ನನ್ನೊಳಗೆ ಇದ್ದದ್ದು ಮಾತ್ರ ಗೊತ್ತು. ಮಂಜ ನನಗಾಗಿ ಏಟು ತಿಂದ, ತಿಳಿದೂ ತಿಳಿದೂ ನನ್ನ ಕೈಯಿಂದ ಪ್ಯಾಡು ತೆಗೆದುಕೊಂಡ ಎಂದು ನಂಬಿ ಬೆಳೆದೆ. ಅವನು ತರಗತಿಯಲ್ಲಿ ಮೇಷ್ಟರ ಮಾತಿಗೆ ತಲೆ ಓರೆ ಮಾಡಿದಾಗ, ರಸ್ತೆ ದಾಟುವಾಗ ಬಲಗಡೆಯ ಬಸ್ಸು ಕೇಳದೆ ಬೆಚ್ಚಿದಾಗ, ಪ್ರತಿ ಸಲ ನನ್ನ ಗಂಟಲಿಗೆ ಆ ಎರಡು ಮಾತು ಬಂದು ನಿಲ್ಲುತ್ತಿದ್ದವು.

ಹೇಳಿದ್ದು ತೀರಾ ಈಚೆಗೆ. ಮಂಜ ಈಗಲೂ ಹುಳ ಸಾಕುತ್ತಾನೆ. ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟಿದ್ದ ಅವನ ಟೆಂಪೋದಲ್ಲಿ ನಾನೂ ಹತ್ತಿದ್ದೆ. ಓಡಿಸುವವನು ಬಲಕ್ಕೆ ಕೂರುವುದರಿಂದ ಅವನ ಒಳ್ಳೆಯ ಕಿವಿ ನನ್ನ ಕಡೆಗಿತ್ತು. ಫೋನಿನಲ್ಲಿ ಆ ಹಳೆಯ ಆಟಗಳ ಸಂಗೀತ ಹಾಕಿದ್ದ. ಟ್ಯಾಂಕಿನದು ಒಳ್ಳೆಯದೋ ನೀರಿನೊಳಗಿನದೋ ಎಂದು ಯಾವಾಗಲೂ ಜಗಳವಾಡುವ ಹಾಗೆ ಜಗಳವಾಡಿದೆವು. ಆಮೇಲೆ ಜಲಪಾತದ ಹಂತದ ರಾಗ ಬಂತು. ನಾನು ರಸ್ತೆ ನೋಡುತ್ತ ಹೇಳಿಬಿಟ್ಟೆ.

"ಅಣ್ಣ, ಅವತ್ತು ಅಪ್ಪುನ್ನ ಸಾಯಿಸಿದ್ದು ನಾನು. ಬೇಕೂಂತ್ಲೇ."

"ಗೊತ್ತು ಕಣಮ್ಮಿ. ಬಾಗ್ಲಲ್ಲೇ ನಿಂತು ನೋಡ್ದೆ."

"ಮತ್ಯಾಕೆ ಪ್ಯಾಡ್ ಇಸ್ಕೊಂಡೆ?"

ಅವನು ಗೇರು ಬದಲಿಸಿ, ಮುಂದಿದ್ದ ಟ್ರಾಕ್ಟರನ್ನು ದಾಟಿದ.

"ಅಪ್ಪ ಸತ್ತಿದ್ದ, ನಮ್ಮೋನು ಇನ್ನೂ ಬದುಕಿದ್ನಲ್ಲ. ಮೇಲೆ ದೊಡ್ಡ ರಾಕ್ಷಸ ಬತ್ತಿದ್ದ. ಅವನ್ನ ಹೊಡೆಯಾಕೆ ನಿಂಗೆಲ್ಲಿ ಬರ್ತಿತ್ತು?" ಅಂದ. "ನಾನು ಟಿ.ವಿ. ನೋಡ್ತಿದ್ದೆ ಕಣಮ್ಮಿ. ಅಪ್ಪ ಕೈ ಎತ್ತಿದ್ದು ನೋಡ್ನೇ ಇಲ್ಲ."